ಹೆಗಲಿಗೊಂದು ಮಳೆಗಾಲ

ಮೆಟ್ಟಿಲು ಹತ್ತುವಾಗಲೇ ರಾಟೆಯ ಸದ್ದು ಕೇಳುತ್ತದೆ. ಕಿರ್ರ್... ಕಿರ್ರ್... ಹೊರಗೆ ಆಷಾಢದ ಮಳೆ ಹೆದ್ದಾರಿಯ ಮೇಲೆ ಹುಯ್ಯುತ್ತಿದೆ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಬಸ್ಸು ಸಾಲಿಗ್ರಾಮದ ಸ್ಟಾಪಿನಲ್ಲಿ ಕೆಸರುನೀರು ಚಿಮ್ಮಿಸಿ ನಿಂತು, ನಾಲ್ಕೈದು ಕೊಡೆಗಳನ್ನು ಇಳಿಸಿ ಹೋಗಿದೆ. ಅವುಗಳಲ್ಲಿ ಎರಡು ಕೊಡೆ ನನ್ನ ಹಿಂದೆಯೇ ಮೆಟ್ಟಿಲು ಹತ್ತುತ್ತಿವೆ. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಡೆಯುವವರನ್ನು ಈಗ ನಾನು ದೂರದಿಂದಲೇ ಗುರುತು ಹಿಡಿಯಬಲ್ಲೆ. ಕೆಲವು ತಿಂಗಳಿಂದ ನಾನೂ ಹಾಗೆಯೇ ನಡೆಯುತ್ತಿದ್ದೇನೆ.

ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಬಕೆಟಿನಲ್ಲಿ ನೀರಿಳಿಸುತ್ತ ನಿಂತ ಕೊಡೆಗಳು. ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ನೋವಿನೆಣ್ಣೆ, ಒಣಗದ ಟವೆಲು ಮತ್ತು ಬಿಸಿನೀರು ಮೂರೂ ಬೆರೆತ ಒಂದು ವಾಸನೆ. ಮೂಲೆಯಲ್ಲೊಂದು ಸ್ಟೀಲಿನ ತೊಟ್ಟಿ ಸಣ್ಣಗೆ ಹಬೆಯಾಡುತ್ತಿದೆ. ಅದರೊಳಗೆ ದಪ್ಪ ಬಟ್ಟೆಯ ಚೀಲಗಳು ಬೇಯುತ್ತಿವೆ. ಇಕ್ಕಳದಲ್ಲಿ ಎತ್ತಿ, ಟವೆಲಿನಲ್ಲಿ ಸುತ್ತಿ ಹೆಗಲ ಮೇಲಿಟ್ಟರೆ ಕೊಟ್ಟೆ ಕಡುಬನ್ನು ಹಬೆಯಿಂದ ತೆಗೆದು ಮಡಿಲಿಗೆ ಹಾಕಿಕೊಂಡಷ್ಟು ಹಿತ. ಹಸಿರು ಪರದೆಯ ಆಚೆ ಈಚೆ ಎರಡು ಮಂಚ. ಗೋಡೆಗೆ ಬಡಿದ ಹಲ್ಲುಹಲ್ಲಿನ ಮರದ ಪಟ್ಟಿ, ಅದರ ಪಕ್ಕದಲ್ಲಿ ಎತ್ತಿನಗಾಡಿಯ ಗಾಲಿಯ ಮರಿಯಂತೆ ಕಾಣುವ ಒಂದು ಚಕ್ರ. ಮೊಳೆಗೆ ತೂಗುಹಾಕಿದ ರಬ್ಬರ್ ಪಟ್ಟಿಗಳು ಹಳದಿ, ಕೆಂಪು, ಹಸಿರು, ನೀಲಿ ಬಣ್ಣದಲ್ಲಿ ಜಾತ್ರೆಯ ರಿಬ್ಬನ್ನಿನ ಅಂಗಡಿಯನ್ನು ನೆನಪಿಸುತ್ತವೆ. ಹಳದಿಯದು ಬಹಳ ಮೆತ್ತಗೆ. ಬಣ್ಣ ಗಾಢವಾದಂತೆ ಎಳೆತ ಬಿಗಿ. ಇಲ್ಲಿ ಒಬ್ಬರು ಕೆಂಪಿನಿಂದ ಹಸಿರಿಗೆ ಬಡ್ತಿ ಪಡೆದರೆ ಉಳಿದವರು ಅವರತ್ತ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡುತ್ತಾರೆ.

ಕಿರ್ರೆನ್ನುವ ರಾಟೆ ಮಾತ್ರ ನಮ್ಮದೇ ಬಾವಿಕಟ್ಟೆಯಿಂದ ಬಿಚ್ಚಿ ತಂದಂತಿದೆ. ಸೂರಿನ ಕೊಂಡಿಗೆ ಕಟ್ಟಿದ ಪುಟ್ಟ ಗಾಲಿ, ಅದರ ಮೇಲೆ ಹಾದ ಹಗ್ಗ, ಎರಡು ತುದಿಗೆ ಎರಡು ಹಿಡಿ. ಅದರ ಕೆಳಗಿನ ಕುರ್ಚಿಯಲ್ಲಿ ಕಾರ್ಕಡ ಕಡೆಯ ಅಮ್ಮನೊಬ್ಬರು ಕುಳಿತಿದ್ದಾರೆ. ಬಲಗೈ ಕೆಳಗೆಳೆದರೆ ಎಡಗೈ ಮೇಲೇರಬೇಕು. ಕಿವಿಯ ಮಟ್ಟ ಮುಟ್ಟುವಷ್ಟರಲ್ಲಿ ಅವರ ಹುಬ್ಬು ಗಂಟಾಗುತ್ತದೆ, ತುಟಿಯೊಳಗೇ ಏನೋ ನಾಮಸ್ಮರಣೆ. ಕೈ ಇಳಿದ ಮೇಲೆ ನನ್ನತ್ತ ತಿರುಗಿ, "ತುರ್ಬ್ ಕಟ್ಟುಕೂ ಆತಿಲ್ಲ ಮಾರಾಯ್ರೆ, ಸೊಸೆ ಹತ್ರ ತಲೆ ಬಾಚ್ಸ್ಕಣ್ಕ್" ಎನ್ನುತ್ತಾರೆ. ಕೈ ನೋವಿಗಿಂತ ಸೊಸೆಯ ಮುಂದೆ ತಲೆಯೊಡ್ಡಿ ಕೂರಬೇಕಾದದ್ದೇ ಅವರಿಗೆ ದೊಡ್ಡ ಸಂಕಟ.

ಈ ಕೋಣೆಯ ಯಜಮಾನತಿ ಸಣ್ಣ ಪ್ರಾಯದ ಹೆಣ್ಣುಮಗಳು. ಮಣಿಪಾಲದಲ್ಲಿ ನಾಲ್ಕೂವರೆ ವರ್ಷ ಓದಿ ಬಂದವರು. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದ ಮೇಲೆ ಈ ಕರಾವಳಿಯಲ್ಲಿ ಡಾಕ್ಟರ ಜೊತೆಗೆ ನರ್ಸು, ಲ್ಯಾಬಿನವರು, ಫಿಸಿಯೋಥೆರಪಿಯವರು ಎಲ್ಲರೂ ತಯಾರಾದರು. ಈಗ ಹೆದ್ದಾರಿಯ ಪ್ರತಿ ಪೇಟೆಯಲ್ಲೂ ಮೆಡಿಕಲ್ ಶಾಪಿನ ಮಹಡಿಯಲ್ಲೋ ಆಸ್ಪತ್ರೆಯ ಹಿಂಬದಿಯಲ್ಲೋ ಇಂಥದೊಂದು ಕೋಣೆ ಸಿಗುತ್ತದೆ. ಫಿಸಿಯೋಥೆರಪಿಯವರನ್ನು ಡಾಕ್ಟರ್ ಎನ್ನಬೇಕೋ ಬೇಡವೋ ಎಂದು ದಿಲ್ಲಿಯಲ್ಲಿ ಜಗ್ಗಾಟ ನಡೆಯುತ್ತಿರುತ್ತದೆ. ಸಾಲಿಗ್ರಾಮದಲ್ಲಿ ಆ ಪ್ರಶ್ನೆಯೇ ಇಲ್ಲ. ಕೈ ಹಿಡಿದು ನೋವು ಇಳಿಸುವವರು ಡಾಕ್ಟ್ರೇ.

ಡಾಕ್ಟ್ರು ಮೊದಲ ದಿನ ನನ್ನ ಹೆಗಲು ಮುಟ್ಟುವ ಮೊದಲೇ ಕೇಳಿದ್ದು, "ಸಕ್ಕರೆ ಇತ್ತಾ?" ಇದ್ದದ್ದು ಹೌದು. ಸಕ್ಕರೆ ಕಾಯಿಲೆಯವರಿಗೆ ಹೆಗಲು ಬಿಗಿದುಕೊಳ್ಳುವ ಸಂಭವ ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಅದರಲ್ಲೂ ನಲವತ್ತರಿಂದ ಅರವತ್ತರ ನಡುವಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ. ಎರಡನೆಯ ಪ್ರಶ್ನೆ ಇನ್ನೂ ವಿಚಿತ್ರವೆನಿಸಿತ್ತು: "ಎದೆ ಬಿಗಿ ಆತ್ತಾ? ಬೆವರು? ಏದುಸಿರು?" ನನ್ನದು ಎಡಹೆಗಲು. ಹೃದಯದ ನೋವು ಎಷ್ಟೋ ಸಲ ಎಡಹೆಗಲಿನ ವೇಷ ಹಾಕಿಕೊಂಡು ಬರುತ್ತದಂತೆ. ಅಂಥವರನ್ನು ಮಂಚದ ಮೇಲೆ ಮಲಗಿಸದೆ ನೇರ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಎರಡೂ ಪ್ರಶ್ನೆ ಮುಗಿದ ಮೇಲೆಯೇ ಕೋನ ಅಳೆಯುವ, ಶಾಲೆಯ ಕೈವಾರದಂಥ ಪ್ಲಾಸ್ಟಿಕ್ ಪಟ್ಟಿ ಹೊರಬಂದದ್ದು. ಕೈ ಪಕ್ಕಕ್ಕೆ ಎತ್ತಿ ನೆತ್ತಿಯ ಮೇಲೆ ತಂದರೆ 180 ಡಿಗ್ರಿ. ನಾನು ಹಲ್ಲು ಕಚ್ಚಿ ಎತ್ತಿದ್ದು 70. ಅಂದರೆ ಬಸ್ಸಿಗೆ ಕೈ ಅಡ್ಡ ಹಿಡಿಯುವಷ್ಟೂ ಇಲ್ಲ.

ಆ ದಿನ ನನಗೆ ಹೆಗಲಿನ ಒಳಮನೆ ತೋರಿಸಲು ಅವರು ಚಿತ್ರಪಟ ಬಿಡಿಸಲಿಲ್ಲ. ಮೇಜಿನ ಮೇಲಿದ್ದ ಔಷಧಿ ಡಬ್ಬಿಯ ಮುಚ್ಚಳದ ಮೇಲೆ ಒಂದು ಲಿಂಬೆಹಣ್ಣು ಇಟ್ಟರು. ಸೊಂಟದ ಕೀಲು ಬಾವಿಯಂತೆ ಆಳ. ತೊಡೆಯ ಮೂಳೆಯ ಗುಂಡು ಅದರೊಳಗೆ ಕೂತುಬಿಡುತ್ತದೆ. ಹೆಗಲಿನದು ಹಾಗಲ್ಲ. ಹಣತೆಯಷ್ಟು ಆಳವಿಲ್ಲದ ತಟ್ಟೆಯ ಮೇಲೆ ಅದಕ್ಕಿಂತ ದೊಡ್ಡ ಗುಂಡು. ಯಾವ ಹೊತ್ತಿನಲ್ಲಿ ನೋಡಿದರೂ ಗುಂಡಿನ ಸಣ್ಣ ಪಾಲು ಮಾತ್ರ ತಟ್ಟೆಗೆ ತಾಗಿರುತ್ತದೆ. ಬೆನ್ನು ಕೆರೆದುಕೊಳ್ಳಲು, ಮರ ಹತ್ತಲು, ಕಲ್ಲೆಸೆಯಲು, ಮಗುವನ್ನು ಎತ್ತಿ ಆಡಿಸಲು ಬೇಕಾದ ಸ್ವಾತಂತ್ರ್ಯಕ್ಕೆ ದೇಹ ತೆತ್ತ ಬೆಲೆ ಅದು. ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಸಲ ಜಾರಿ ಹೊರಬರುವುದೂ ಇದೇ. ಗುಂಡನ್ನು ತಟ್ಟೆಯ ಮೇಲೆ ನಿಲ್ಲಿಸುವ ಕೆಲಸ ನಾಲ್ಕು ಸಣ್ಣ ಸ್ನಾಯುಗಳದ್ದು. ಯಕ್ಷಗಾನದ ಡೇರೆ ಮೇಳದವರು ಕಂಬ ನೆಟ್ಟು ನಾಲ್ಕು ದಿಕ್ಕಿಗೆ ಹಗ್ಗ ಬಿಗಿಯುವುದನ್ನು ಈ ಊರಿನವರು ನೋಡಿಯೇ ಇರುತ್ತಾರೆ. ಒಂದು ಹಗ್ಗ ಸಡಿಲಾದರೆ ಕಂಬ ವಾಲುತ್ತದೆ, ಉಳಿದ ಮೂರಕ್ಕೆ ಎಳೆತ ಬೀಳುತ್ತದೆ. ಈ ನಾಲ್ಕರ ಕೂಟಕ್ಕೆ ವೈದ್ಯರು ಇಟ್ಟ ಹೆಸರು ರೊಟೇಟರ್ ಕಫ್. ನಾಲ್ಕರಲ್ಲಿ ಮೇಲಿನದು, ಸುಪ್ರಾಸ್ಪೈನೇಟಸ್ ಎಂಬುದು, ಹೆಗಲ ತುದಿಯ ಮೂಳೆಯ ಸೂರಿನಡಿ ನುಸುಳಿ ಬರುವುದರಿಂದ ಬೇಗ ಸವೆಯುವುದೂ ಹರಿಯುವುದೂ ಹೆಚ್ಚಾಗಿ ಅದೇ. ಕೈಯನ್ನು ಪಕ್ಕದಿಂದ ಎತ್ತುವಾಗ 60 ಡಿಗ್ರಿಯಿಂದ 120ರ ನಡುವೆ ಮಾತ್ರ ಚುಳ್ಳೆಂದು, ಅದರ ಮೇಲೆ ಸಲೀಸಾದರೆ ಸೂರಿನಡಿಯಲ್ಲೇ ಉಜ್ಜಾಟ ಎಂದು ಅವರು ಲೆಕ್ಕ ಹಾಕುತ್ತಾರೆ.

ಪರದೆಯ ಆಚೆಯ ಮಂಚದ ಮೇಲೆ ಕೂತವರದ್ದು ಅಂಥ ಹೆಗಲು. ಬಡಗುತಿಟ್ಟಿನ ವೇಷಧಾರಿ. ನವೆಂಬರಿನಿಂದ ಮೇ ತನಕ ರಾತ್ರಿಗಳೆಲ್ಲ ರಂಗಸ್ಥಳದಲ್ಲೇ ಕಳೆಯುವ ಜೀವ. ಭುಜಕೀರ್ತಿ, ಎದೆಕಟ್ಟು, ಕಿರೀಟ ಬಿಗಿದುಕೊಂಡು ಕೈಗಳನ್ನು ಭುಜದ ಎತ್ತರದಲ್ಲೇ ಹರಡಿ, ಬಿಲ್ಲು ಜಗ್ಗಿ, ಗದೆ ಬೀಸಿ, ಬೆಳಗಿನ ಜಾವ ಚೌಕಿಗೆ ಬಂದು ವೇಷ ಬಿಚ್ಚುವಾಗ ಕೈ ಇಳಿಯಲು ಕೇಳುವುದಿಲ್ಲವಂತೆ. ತಿರುಗಾಟದ ನಡುವೆ ಹೆಗಲು ತೋರಿಸಲು ಪುರುಸೊತ್ತೆಲ್ಲಿ? ಒಂದು ಗುಳಿಗೆ ನುಂಗಿ ಮುಂದಿನ ಊರಿನ ಬಸ್ಸು ಹತ್ತಿದರಾಯಿತು. ಮಳೆ ಬಿದ್ದು ಮೇಳದ ಪೆಟ್ಟಿಗೆ ಒಳಸೇರಿದ ಮೇಲೆ ಈಗ ಬಂದಿದ್ದಾರೆ, ಅದೂ ಬೆಳಗಿನ ಹೊತ್ತು ಮಾತ್ರ. ಸಂಜೆಯಾದರೆ ಚಿಕ್ಕಮೇಳದ ಮನೆ ಮನೆ ಸುತ್ತಾಟ. ಈ ಮನುಷ್ಯ ಮಂಚದಲ್ಲಿ ಮಾಡುತ್ತಿರುವ ಕಸರತ್ತು ನೋಡಿದರೆ ನಗು ಬರುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಮಡಿಸಿದ ಟವೆಲು ಸಿಕ್ಕಿಸಿ, ಕೆಂಪು ರಬ್ಬರ್ ಪಟ್ಟಿಯನ್ನು ಹೊರಕ್ಕೆ ಒಂದು ಗೇಣು ಎಳೆಯುವುದು. ಅಷ್ಟೇ. ರಂಗದಲ್ಲಿ ಮಹಿಷಾಸುರನಾಗಿ ಅಬ್ಬರಿಸುವವರು ಇಲ್ಲಿ ಒಂದು ಗೇಣಿಗೆ ಬೆವರುತ್ತಾರೆ. ಟವೆಲು ಬಿದ್ದರೆ ಲೆಕ್ಕಕ್ಕಿಲ್ಲ, ಮತ್ತೆ ಒಂದರಿಂದ ಶುರು.

ಕೆಲವು ದಿನ ಕೂತು ನೋಡಿದ ಮೇಲೆ ನನಗೊಂದು ಸಿದ್ಧಾಂತ ಹೊಳೆಯಿತು. ಬಾವಿಗೆ ಪಂಪು ಬಂತು, ಮಜ್ಜಿಗೆ ಕಡೆಯಲು ಮಿಕ್ಸಿ ಬಂತು, ಬಟ್ಟೆ ಒಗೆಯಲು ಮೆಷಿನು ಬಂತು. ಬಾವಿಕಟ್ಟೆಯಿಂದ ಓಡಿಸಿದ ರಾಟೆ ಈಗ ಫೀಸು ತೆಗೆದುಕೊಂಡು ಇಲ್ಲಿ ನೇತಾಡುತ್ತಿದೆ. ಹಿಂದಿನವರ ಹೆಗಲು ಅದಕ್ಕೇ ಗಟ್ಟಿ. ಇಷ್ಟು ಚಂದದ ಸಿದ್ಧಾಂತವನ್ನು ನಾನು ತುಸು ಹೆಮ್ಮೆಯಿಂದಲೇ ಹೇಳಿದೆ. ಡಾಕ್ಟ್ರು ನನ್ನ ಕೈ ಬಿಡದೆಯೇ ನಕ್ಕರು. "ಯಾರ್ ಹೇಳಿದ್ದ್ ನಿಮ್ಗೆ? ಜೀವಮಾನ ಇಡೀ ನೀರ್ ಸೇದಿದ ಅಮ್ಮಂದ್ರೂ ಇಲ್ಲಿಗೇ ಬತ್ರ್." ಒಂದೇ ಬಗೆಯ ಎಳೆತವನ್ನು ಸಾವಿರಾರು ಸಲ ಮಾಡಿದರೆ ಹಗ್ಗವೂ ಎಳೆ ಎಳೆಯಾಗುತ್ತದೆ, ಸ್ನಾಯುವಿನ ನಾರೂ ಆಗುತ್ತದೆ. ಅರವತ್ತು ದಾಟಿದ ಎಷ್ಟೋ ಜನರ ಹೆಗಲಿನಲ್ಲಿ ಹರಿದ ನಾರು ಇರುತ್ತದೆ, ನೋವೇ ಇಲ್ಲದ್ದರಿಂದ ಅವರಿಗದು ಗೊತ್ತೂ ಇರುವುದಿಲ್ಲ. ಹಳೆಯ ಕಾಲದವರಿಗೆ ನೋವಿರಲಿಲ್ಲ ಎಂದಲ್ಲ, ಹೇಳಿಕೊಳ್ಳಲು ಜಾಗವಿರಲಿಲ್ಲ. ಕೈ ಏಳದ ಅಜ್ಜಮ್ಮ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತುಬಿಟ್ಟಳು. ಮತ್ತೆ, ರಾಟೆ ನೋಡಲು ಒಂದೇ ಆದರೂ ಕೆಲಸ ಬೇರೆ. ಬಾವಿಯಲ್ಲಿ ಕೈಗಳು ಕೊಡಪಾನವನ್ನು ಎತ್ತುತ್ತವೆ. ಇಲ್ಲಿ ಸರಿ ಇರುವ ಕೈ, ಸರಿ ಇಲ್ಲದ ಕೈಯನ್ನು ಎತ್ತುತ್ತದೆ. ನನ್ನ ಸಿದ್ಧಾಂತ ಅಲ್ಲಿಗೆ ಮುಗಿಯಿತು.

ಇಷ್ಟಕ್ಕೂ ನಾನು ಈ ಮೆಟ್ಟಿಲು ಹತ್ತಿದ್ದೇ ತಡವಾಗಿ. ಮೊದಲು ಹೋದದ್ದು ಇನ್ನೆಲ್ಲೋ, ಹೆಸರು ಬೇಡ. ಅಲ್ಲಿ ಬಿಸಿ ಎಣ್ಣೆ ಹಾಕಿ, "ಬಿಗಿದದ್ದು ಬಿಡ್ಬೇಕು" ಎಂದು ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿದರು. ಎಣ್ಣೆಯ ತಪ್ಪಲ್ಲ, ತಿರುಚಿದ್ದರ ತಪ್ಪು. ಎರಡು ವಾರ ಆ ಮಗ್ಗುಲಲ್ಲಿ ಮಲಗುವುದಿರಲಿ, ಹೊದಿಕೆ ತಾಗಿದರೂ ಎಚ್ಚರ. ಬಿಗಿದ ಹೆಗಲಿಗೆ ತನ್ನದೇ ಮೂರು ಕಾಲಗಳಿವೆ ಎಂದು ಆಮೇಲೆ ತಿಳಿಯಿತು. ಮೊದಲನೆಯದು ನೋವು ಏರುತ್ತ ಕೈ ಬಿಗಿಯುವ ಕಾಲ, ಎರಡನೆಯದು ನೋವು ಇಳಿದರೂ ಕೈ ಮರಗಟ್ಟಿ ನಿಲ್ಲುವ ಕಾಲ, ಮೂರನೆಯದು ಮೆಲ್ಲಗೆ ಸಡಿಲಾಗುವ ಕಾಲ. ಮೂರೂ ಸೇರಿ ಒಂದು ವರ್ಷದಿಂದ ಮೂರು ವರ್ಷದವರೆಗೂ ಹೋಗಬಹುದು. ನೋವು ಉರಿಯುತ್ತಿರುವ ಮೊದಲ ಕಾಲದಲ್ಲಿ ಜಗ್ಗಿದರೆ ಕೀಲಿನ ಸುತ್ತಲಿನ ಚೀಲ ಇನ್ನಷ್ಟು ಮುನಿದು ಬಿಗಿಯುತ್ತದೆ. ಆಗ ಬೇಕಾದದ್ದು ಕೈಯಡಿಗೊಂದು ದಿಂಬು, ಸ್ವಲ್ಪ ಶಾಖ, ಮತ್ತು ತೂಗಾಟ.

ತೂಗಾಟ ಎಂದರೆ ಹೀಗೆ: ಸರಿ ಇರುವ ಕೈಯನ್ನು ಮೇಜಿಗೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋವಿನ ಕೈಯನ್ನು ದೇವಸ್ಥಾನದ ಗಂಟೆಯ ನಾಲಗೆಯಂತೆ ಇಳಿಬಿಡಬೇಕು. ಕೈ ಬೀಸುವುದಲ್ಲ, ಮೈ ಮೆಲ್ಲಗೆ ಆಡಿದರೆ ಕೈ ತಾನೇ ಸುತ್ತುತ್ತದೆ, ಚಿಕ್ಕ ರಂಗೋಲಿಯ ಸುತ್ತಿನಷ್ಟು. ಭೂಮಿಯೇ ಗುಂಡನ್ನು ತಟ್ಟೆಯಿಂದ ಕೂದಲೆಳೆಯಷ್ಟು ಕೆಳಗೆಳೆದು ಒಳಗೆ ಜಾಗ ಮಾಡಿಕೊಡುತ್ತದೆ. ಇದಕ್ಕೆ ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್‌ನ ಹೆಸರು ಅಂಟಿಕೊಂಡಿದೆ. ಹೆಗಲಿನ ಬಗ್ಗೆಯೇ 1934ರಲ್ಲಿ ದಪ್ಪ ಪುಸ್ತಕ ಬರೆದು, ಬಿಗಿದ ಹೆಗಲಿನ ಈ ಕಾಯಿಲೆಗೆ 'ಫ್ರೋಜನ್ ಶೋಲ್ಡರ್' ಎಂದು ಹೆಸರಿಟ್ಟವನೂ ಅವನೇ. ಚಿಕಿತ್ಸೆ ಪಡೆದು ಹೋದ ಪ್ರತಿಯೊಬ್ಬ ರೋಗಿ ಆಮೇಲೆ ಏನಾದ ಎಂದು ಆಸ್ಪತ್ರೆಗಳು ಲೆಕ್ಕ ಇಡಬೇಕು ಎಂದು ಹಟ ಹಿಡಿದು ತನ್ನವರ ಜೊತೆ ಜಗಳಾಡಿಕೊಂಡ ಆಸಾಮಿ. 1940ರಲ್ಲಿ ತೀರಿಹೋದಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ, 2014ರಲ್ಲಿ ಹಾಕಿದರು. ಅವನ ತೂಗಾಟ ಮಾತ್ರ ಸಾಲಿಗ್ರಾಮದ ಮಹಡಿಯ ತನಕ ಬಂದು, ಇಲ್ಲಿ ಅಮ್ಮಂದಿರು ಅದನ್ನು "ಗಂಟೆ ಆಡ್ಸುದ್" ಎನ್ನುತ್ತಾರೆ.

ಗಂಟೆಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಕಾರ್ಕಡ ಕಡೆಯ ಅಮ್ಮನ ಕಾಗದದಲ್ಲಿ 'ಗುರಿ' ಎಂಬ ಸಾಲಿನ ಮುಂದೆ ಡಾಕ್ಟ್ರು ಡಿಗ್ರಿ ಬರೆದಿಲ್ಲ. 'ದೇವಸ್ಥಾನದ ಗಂಟೆ' ಎಂದು ಬರೆದಿದ್ದಾರೆ. ಇಲ್ಲಿಂದ ಕೂಗಳತೆಯಲ್ಲಿ ಗುರುನರಸಿಂಹ ದೇವಸ್ಥಾನ. ಅಲ್ಲಿನ ಯೋಗಾನರಸಿಂಹನಿಗೆ ಎರಡೇ ಕೈ, ಒಂದರಲ್ಲಿ ಶಂಖ, ಇನ್ನೊಂದರಲ್ಲಿ ಚಕ್ರ. ಎದುರಿಗೆ ಆಂಜನೇಯನ ಗುಡಿ. ಜನವರಿಯ ತೇರಿಗೆ ಇಡೀ ಕೋಟ ಸೀಮೆ ಹಗ್ಗಕ್ಕೆ ಕೈ ಹಚ್ಚುತ್ತದೆ. ಅಮ್ಮ ಎಡಚರು. ಹುಟ್ಟಿದಂದಿನಿಂದ ಗಂಟೆ ಹೊಡೆದದ್ದು ಎಡಗೈಯಲ್ಲಿ, ಅದೇ ಈಗ ಏಳದ ಕೈ. ಬಲಗೈಯಲ್ಲಿ ಹೊಡೆದರೆ ಆಗದೇ ಎಂದು ನಾನು ಕೇಳಿದ್ದಕ್ಕೆ, ಉಂಡ ಮನೆಯ ಜಂತಿ ಎಣಿಸುವವನನ್ನು ನೋಡುವಂತೆ ನನ್ನನ್ನು ನೋಡಿದರು. ಅವರು ಈಗ ಹಲ್ಲುಹಲ್ಲಿನ ಪಟ್ಟಿಯ ಮುಂದೆ ನಿಂತು ಎರಡು ಬೆರಳುಗಳನ್ನು ಜೇಡದಂತೆ ಮೇಲಕ್ಕೆ ಹತ್ತಿಸುತ್ತಿದ್ದಾರೆ. ಹದಿನಾರನೆಯ ಹಲ್ಲಿಗೆ ಪೆನ್ನಿನ ಗುರುತಿದೆ, ಅದು ನಿನ್ನೆಯದು. ಬೆರಳು ಹದಿನೇಳಕ್ಕೆ ತಾಗಿತು, ಜಾರಿತು, ಮತ್ತೆ ತಾಗಿತು. ಭುಜ ಕಿವಿಯ ಕಡೆ ಕುಪ್ಪಳಿಸಿದ್ದನ್ನು ಡಾಕ್ಟ್ರು ಹಿಂದಿನಿಂದಲೇ ಹಿಡಿದರು. "ಭುಜ ಎತ್ತಬೇಡಿ ಅಮ್ಮ, ಕೈ ಎತ್ತಿ." ಕೈ ನೆತ್ತಿಗೇರುವಾಗ ಸುಮಾರು ಮೂರನೇ ಎರಡು ಪಾಲು ಕೀಲಿನದ್ದು, ಒಂದು ಪಾಲು ಬೆನ್ನ ಮೇಲಿನ ಹಲಗೆಮೂಳೆಯದ್ದು. ಕೀಲು ಮೈಗಳ್ಳತನ ಮಾಡಿದರೆ ಹಲಗೆಮೂಳೆ ಪಾಪ, ಅದರ ಪಾಲನ್ನೂ ಹೊತ್ತು ಕುತ್ತಿಗೆ ನೋವು ತರಿಸುತ್ತದೆ. ಆ ಕಳ್ಳಾಟ ಹಿಡಿಯುವುದೇ ಅರ್ಧ ವಿದ್ಯೆ.

ಅಷ್ಟರಲ್ಲಿ ಕರೆಂಟು ಹೋಯಿತು. ನನ್ನ ಹೆಗಲಿಗೆ ಅಂಟಿಸಿದ್ದ ಪಟ್ಟಿಗಳಲ್ಲಿ ಇರುವೆ ಹರಿದಂತೆ ಜುಮುಗುಟ್ಟುತ್ತಿದ್ದ ಐಎಫ್‌ಟಿ ಯಂತ್ರ ಬೀಪ್ ಎಂದು ಸುಮ್ಮನಾಯಿತು. ನೋವು ತಗ್ಗಿಸುವ ಈ ಯಂತ್ರದ ಮೇಲೆ ನನಗೆ ಬಹಳ ಭಕ್ತಿ. ಮಲಗಿದರೆ ಸಾಕು, ಅದೇ ಎಲ್ಲ ಮಾಡುತ್ತದೆ. ಡಾಕ್ಟ್ರಿಗೆ ಅದರ ಮೇಲೆ ಅಷ್ಟು ಭಕ್ತಿ ಇದ್ದಂತಿಲ್ಲ. "ಅದ್ ಬಾಗ್ಲ್ ತೆಗಿತ್ತ್ ಅಷ್ಟೆ, ಒಳಗೆ ಹೋಯ್ಕಾದ್ದ್ ನೀವೇ" ಎಂದು ಪಟ್ಟಿಗಳನ್ನು ಕಿತ್ತು, ನನ್ನನ್ನು ಎಬ್ಬಿಸಿ, ಕೈಗೊಂದು ಕೋಲು ಕೊಟ್ಟರು. ಯಾವ ಯಂತ್ರವೂ ಇಲ್ಲದ ಕೋಣೆಯಲ್ಲಿ ಮಳೆಯ ಸದ್ದು ಜೋರಾಯಿತು. ಒಂದ್, ಎರಡ್, ಮೂರ್... ನಾಲ್ಕು ಮಂದಿಯ ನಾಲ್ಕು ಲೆಕ್ಕ ಒಂದರ ಮೇಲೊಂದು ಹೊರಳಿದವು. ವೇಷಧಾರಿಯ ಎಣಿಕೆ ಮಾತ್ರ ತಾಳಕ್ಕೆ ಬಿದ್ದಿತ್ತು.

ನಾಲ್ಕನೆಯ ಲೆಕ್ಕ ಕೋಡಿ ಕಡೆಯ ಅಣ್ಣನದ್ದು. ಮಲ್ಪೆಯ ಆಳಸಮುದ್ರ ಬೋಟಿನಲ್ಲಿ ಕಲಾಸಿ. ಬೇಸಗೆಯ ಕೊನೆಯಲ್ಲಿ ಬಲೆ ಎಳೆಯುವಾಗ ಬೋಟು ಒಂದು ಕಡೆ ವಾಲಿ, ಇಡೀ ಬಲೆಯ ಭಾರ ಬಲಗೈಯ ಮೇಲೆ ಬಿದ್ದು ಒಳಗೆ ಏನೋ 'ಬಟ್ಟೆ ಹರಿದ ಹಾಂಗ್' ಆಯಿತಂತೆ. ಸ್ಕ್ಯಾನಿನಲ್ಲಿ ನಾರು ಅರ್ಧ ಹರಿದದ್ದು ಕಂಡಿತು. ಪೂರ್ತಿ ಹರಿದಿದ್ದರೆ ಶಸ್ತ್ರಚಿಕಿತ್ಸೆ, ಅದಾದ ಮೇಲೆ ನಾಲ್ಕಾರು ವಾರ ಕೈ ಜೋಳಿಗೆಯಲ್ಲಿ. ಅರ್ಧ ಹರಿದದ್ದಕ್ಕೆ ಮೊದಲು ವ್ಯಾಯಾಮ ಮಾಡಿ ನೋಡಿ ಎಂದು ಮೂಳೆಯ ಡಾಕ್ಟರು ಕಳಿಸಿದ್ದಾರೆ. ಅವರು ಬಂದದ್ದು ಜೂನ್ ಮೊದಲ ವಾರ, ಯಾಕೆಂದರೆ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಈ ಎರಡು ತಿಂಗಳು ಬೋಟುಗಳಿಗೆ ಬಣ್ಣ, ಬಲೆಗಳಿಗೆ ಹೊಲಿಗೆ, ಮೇಳದ ವೇಷಭೂಷಣಗಳಿಗೆ ರಿಪೇರಿ. ಹೆಗಲುಗಳೂ ಇದೇ ಸರದಿಯಲ್ಲಿ ಬಂದು ಕೂರುತ್ತವೆ. ಮಳೆ ಕಳೆದ ಮೇಲೆ ಬರುವವರು ಬೇರೆ, ಪಾರಂಪಳ್ಳಿಯ ಹಿನ್ನೀರಿನಲ್ಲಿ ಒಂದೇ ದಿನ ಕಯಾಕ್ ಹುಟ್ಟು ಹಾಕಿ ಮರುದಿನ ಕೈ ಏಳದ ಪೇಟೆಯ ಹುಡುಗರು, ವಾಲಿಬಾಲಿನಲ್ಲಿ ಸ್ಮ್ಯಾಶ್ ಹೊಡೆದು ಹೆಗಲು ಉಳುಕಿಸಿಕೊಂಡವರು.

ಅಣ್ಣನ ಕಷ್ಟ ಲೆಕ್ಕದ್ದು. ಸ್ನಾಯುವಿನ ನಾರಿಗೆ ರಕ್ತ ಕಡಿಮೆ, ಆದ್ದರಿಂದ ಅದು ಕೂಡಿಕೊಂಡು ಬಲ ಪಡೆಯುವುದು ನಿಧಾನ. ಮೊದಲು ಕೈ ಅಲುಗದಂತೆ ಗೋಡೆಗೆ ಒತ್ತುವುದು, ಆಮೇಲೆ ರಬ್ಬರ್ ಪಟ್ಟಿ, ಕೊನೆಗೆ ತೂಕ. ಎಷ್ಟು ಕಡಿಮೆಯೆಂದರೂ ಹನ್ನೆರಡು ವಾರ. ಸರಕಾರದ ರಜೆ ಒಂಬತ್ತು ವಾರಕ್ಕೂ ಕಡಿಮೆ.

"ಒಂದ್ನೇ ತಾರೀಕಿಗೆ ಬೋಟ್ ಹೊರಡತ್ತ್ ಡಾಕ್ಟ್ರೇ. ಬಲೆ ಎಳುಕೆ ಹೋಯ್ಕಲೆ?"

"ಬೋಟಿಗೆ ಅವಸ್ರ ಇತ್ತ್. ಹೆಗಲಿಗೆ ಇಲ್ಲ ಅಣ್ಣ."

ಅಣ್ಣ ಸ್ವಲ್ಪ ಹೊತ್ತು ಕಿಟಕಿಯಾಚೆಯ ಮಳೆ ನೋಡಿದರು. ಕಲಾಸಿ ಬೋಟಿಗೆ ಹೋಗದಿದ್ದರೆ ಪಾಲು ಇಲ್ಲ. ಪಾಲು ಇಲ್ಲದಿದ್ದರೆ ಶಾಲೆ ಶುರುವಾದ ಮಕ್ಕಳ ಖರ್ಚು, ಮನೆ ಸಾಲದ ಕಂತು ಯಾರಿಗೂ ಕಾಯುವುದಿಲ್ಲ. ಇದು ಯಾವ ಕೋನಮಾಪಕಕ್ಕೂ ಸಿಗದ ನೋವು. ಡಾಕ್ಟ್ರು ಸುಮ್ಮನಿದ್ದವರು, ಫೋನು ತೆಗೆದುಕೊಡಿ, ಬೋಟು ನಡೆಸುವ ತಾಂಡೇಲರ ಹತ್ತಿರ ನಾನು ಮಾತಾಡುತ್ತೇನೆ ಎಂದರು. ಕರೆಂಟಿಲ್ಲದ ಕೋಣೆಯಲ್ಲಿ ಆ ಮಾತುಕತೆ ಎಲ್ಲರಿಗೂ ಕೇಳಿತು. ಹರಿದ ಬಲೆಯನ್ನು ಅರ್ಧ ಹೊಲಿದು ಕಡಲಿಗೆ ಹಾಕ್ತೀರಾ ಎಂದು ಇವರು ಕೇಳಿದ್ದೂ, ಆ ಕಡೆಯಿಂದ ದೊಡ್ಡ ನಗು ಬಂದದ್ದೂ.

ಜುಲೈ ಕೊನೆಯ ವಾರ ನಾನು ಹೋದಾಗ ನನ್ನ ಕೋನ 115ಕ್ಕೆ ಬಂದಿತ್ತು. ವೇಷಧಾರಿ ಹಸಿರು ಪಟ್ಟಿಗೆ ಏರಿದ್ದರು. ಅಮ್ಮ ಹತ್ತೊಂಬತ್ತನೆಯ ಹಲ್ಲಿನಲ್ಲಿದ್ದರು. ಗಂಟೆಗೆ ಇನ್ನೂ ಒಂದು ಗೇಣು. ಕೋಡಿಯ ಅಣ್ಣ ಮೊಳೆಯ ಮೇಲಿನ ಕೆಂಪು ಪಟ್ಟಿಯಲ್ಲಿ ಒಂದು ತುಂಡು ಕತ್ತರಿಸಿಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು, ಬೋಟಿನ ಕಂಬಕ್ಕೆ ಕಟ್ಟಿ ಎಳೆಯಲು. ಆಗಸ್ಟ್ ತಿಂಗಳಿಡೀ ಬೋಟಿನಲ್ಲಿ ಅವರದ್ದು ಅಡುಗೆ ಕೆಲಸ. ಬಲೆಗೆ ಕೈ ಹಾಕುವುದು ಸೆಪ್ಟೆಂಬರಿನಿಂದ.